ನಮ್ಮ ಸೀಮೆಯ ಮಕ್ಕಳ ಮೇಳಗಳು

ಸಂಘದ ವಾರ್ಷಿಕೋತ್ಸವದ ಕಾರ್ಯಕ್ರಮಪತ್ರಿಕೆಯನ್ನು ಗೊತ್ತುಪಡಿಸಲು ಹಿರಿಯರು ಸಭೆ ಸೇರಿದ್ದ ಒಂದು ಸಂಜೆ ನಾವೂ ಅಲ್ಲಿದ್ದೆವು. ಅಧ್ಯಕ್ಷರ ಭಾಷಣಕ್ಕೆ ಇಷ್ಟು ಹೊತ್ತು, ಅತಿಥಿಗಳ ಸತ್ಕಾರಕ್ಕೆ ಇಷ್ಟು, ವರದಿ ವಾಚನಕ್ಕೆ ಇಷ್ಟು ಎಂದು ಹಂಚುತ್ತ ಬಂದ ಮೇಲೆ ಕೊನೆಯಲ್ಲಿ ಅರ್ಧ ಗಂಟೆ ಉಳಿಯಿತು. 'ಅದು ಮಕ್ಕಳಿಗಿರಲಿ' ಎಂದು ಯಾರೋ ಅಂದರು, ನಾವೂ ತಲೆದೂಗಿದೆವು. ಆ ಅರ್ಧ ಗಂಟೆಯಲ್ಲಿ ಯಾವ ಹಾಡು, ಯಾವ ನೃತ್ಯ, ಯಾರು ಯಾವ ವೇಷ ಎಂಬುದನ್ನೂ ಆಗಲೇ ಬರೆದು ಮುಗಿಸಿದೆವು. ಸಭೆಯಲ್ಲಿ ಮಕ್ಕಳೊಬ್ಬರೂ ಇರಲಿಲ್ಲ. ಇರಬೇಕಿತ್ತೆಂದು ಆ ಹೊತ್ತಿನಲ್ಲಿ ನಮಗಾರಿಗೂ ತೋಚಲಿಲ್ಲ.

ಮನೆಗೆ ಬಂದ ಮೇಲೆ ಈ ಸಂಗತಿ ಮನಸ್ಸನ್ನು ಕೊರೆಯತೊಡಗಿತು. ನಮ್ಮ ಸೀಮೆಯಲ್ಲಿ ಮಕ್ಕಳು ತಾವಾಗಿಯೇ ಗೊತ್ತುಮಾಡಿ, ತಾವಾಗಿಯೇ ಕೂಡಿಸಿ, ಊರಿಗೆಲ್ಲ ತೋರಿಸುತ್ತಿದ್ದ ಕಲೆಗಳು ಒಂದೆರಡಲ್ಲ. ಅವು ಯಾವುವು, ಅವುಗಳಲ್ಲಿ ಯಾರಿಗೆ ಸ್ಥಾನವಿತ್ತು, ಅವು ಶಾಲೆಯ ಅಂಗಳಕ್ಕೆ ಬಂದಾಗ ಏನಾಯಿತು ಎಂಬುದನ್ನು ತಿಳಿದಮಟ್ಟಿಗೆ ವಾಚಕರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ. ಸ್ಮರಣ ಸಂಚಿಕೆಗೆ ಶಾಸನವನ್ನೋ ಶರಣರ ಚರಿತ್ರೆಯನ್ನೋ ಕುರಿತು ಬರೆಯಿರೆಂದು ಕೇಳಿದ್ದ ಸಂಪಾದಕರ ಕ್ಷಮೆಯನ್ನು ಬೇಡುತ್ತೇವೆ.

ಹುಲಜಂತಿಯಿಂದಲೇ ಪ್ರಾರಂಭಿಸೋಣ. ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲೂಕಿನ ಈ ಗ್ರಾಮ ಕನ್ನಡ ಮರಾಠಿಗಳೆರಡೂ ಒಂದೇ ನಾಲಗೆಯ ಮೇಲೆ ಆಡುವ ಊರು. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆಗಳನ್ನು ಹೊಸದಾಗಿ ಎಳೆದಾಗ ಈ ಭಾಗವೆಲ್ಲ ಮುಂಬಯಿ ರಾಜ್ಯದಲ್ಲಿ ಉಳಿಯಿತು. 1960ರ ಮೇ 1ರಿಂದ ಮಹಾರಾಷ್ಟ್ರವಾಯಿತು. 1967ರಲ್ಲಿ ಮಹಾಜನ ಆಯೋಗವು ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳನ್ನು ಕುರಿತು ಬೇರೆ ಮಾತು ಹೇಳಿತಾದರೂ ಗೆರೆ ಕದಲಲಿಲ್ಲ. ಆದರೆ ದೀಪಾವಳಿಯ ಅಮಾವಾಸ್ಯೆಗೆ ಹುಲಜಂತಿಗೆ ಬರುವ ಜನರು ಗೆರೆಯನ್ನು ನೋಡಿಕೊಂಡು ಬರುವವರಲ್ಲ. ಮಾಳಿಂಗರಾಯನ ಜಾತ್ರೆಗೆ ವಿಜಾಪುರದ ಕಡೆಯಿಂದಲೂ ಸಾಂಗಲಿಯ ಕಡೆಯಿಂದಲೂ ಹಾಲುಮತದವರು ಕಂಬಳಿ ಹೊದ್ದು, ಭಂಡಾರದ ಚೀಲ ಹೆಗಲಿಗೇರಿಸಿ ಬರುತ್ತಾರೆ. ಆ ರಾತ್ರಿ ಗುಡಿಯ ಶಿಖರಕ್ಕೆ ದೇವರೇ ಬಂದು ಮುಂಡಾಸು ಸುತ್ತುತ್ತಾನೆಂದು ಭಕ್ತರ ನಂಬಿಕೆ. ಮರುದಿನ ಸುತ್ತಲ ಊರುಗಳ ದೇವರ ಪಾಲಕಿಗಳು ಒಂದನ್ನೊಂದು ಸಂಧಿಸುವಾಗ ಎರಚುವ ಭಂಡಾರಕ್ಕೆ ಆಕಾಶ ಭೂಮಿಗಳೆರಡೂ ಅರಿಸಿನವಾಗುತ್ತವೆ. ಡೊಳ್ಳಿನ ದನಿ ಹರದಾರಿ ದೂರಕ್ಕೆ ಕೇಳುತ್ತದೆ.

ಇದೆಲ್ಲವನ್ನೂ ಬಲ್ಲವರು ಬಲ್ಲರು. ನಾವು ಇಲ್ಲಿ ತೋರಬೇಕೆಂದಿರುವುದು ಡೊಳ್ಳಿನ ಮೇಳದ ಹಿಂದಿನ ಸಾಲನ್ನು. ಮುಂದೆ ನಿಂತು ಬೀರಪ್ಪ ಮಾಳಿಂಗರಾಯರ ಗುರುಶಿಷ್ಯಕಥೆಯನ್ನು ಹಾಡುವಾತನು ಹಿರಿಯ. ಆತನ ಬೆನ್ನಿಗೆ ಪಲ್ಲವಿಯನ್ನು ಎತ್ತಿಕೊಳ್ಳುವ ಹಿಮ್ಮೇಳದಲ್ಲಿ ಎಂಟು ಹತ್ತು ವರುಷದ ಹುಡುಗರಿರುತ್ತಾರೆ. ಕೈಯಲ್ಲಿ ತಾಳ. ಯಾರೂ ಅವರನ್ನು ಕೂಡಿಸಿ ಪಾಠ ಹೇಳಿದವರಿಲ್ಲ. ಮೊದಲು ತಾಳ, ಆಮೇಲೆ ಪಲ್ಲವಿ, ಧ್ವನಿ ಒಡೆದು ಗಟ್ಟಿಯಾದ ಮೇಲೆ ಒಂದು ನುಡಿ, ತೋಳಿಗೆ ಬಲ ಬಂದ ಮೇಲೆ ಡೊಳ್ಳು. ಇಷ್ಟೇ ಅಲ್ಲಿಯ ಪಠ್ಯಕ್ರಮ. ತಪ್ಪಿದ ಹುಡುಗನನ್ನು ಹೊರಗೆ ಹಾಕುವ ಪದ್ಧತಿ ಅಲ್ಲಿಲ್ಲ. ತಪ್ಪಿದ ತಾಳವು ಉಳಿದ ಹತ್ತು ತಾಳಗಳಲ್ಲಿ ಮುಳುಗಿಹೋಗುತ್ತದೆ, ಹುಡುಗ ಮತ್ತೆ ಹಿಡಿದುಕೊಳ್ಳುತ್ತಾನೆ. ಹೀಗೆ ಬೆಳೆದವರೇ ಎರಡು ಮೇಳಗಳು ಎದುರುಬದುರು ಕುಳಿತು ಬೆಳಗಿನವರೆಗೆ ಸವಾಲು ಜವಾಬುಗಳನ್ನು ನಡೆಸುವಷ್ಟು ಪದಗಳನ್ನು ಬಾಯಲ್ಲಿಟ್ಟುಕೊಳ್ಳುತ್ತಾರೆ.

ಆದರೆ ಹೊಗಳುವ ಭರದಲ್ಲಿ ಸತ್ಯವನ್ನು ಮರೆಮಾಚಬಾರದು. ಆ ಹಿಂದಿನ ಸಾಲಿನಲ್ಲಿ ನಮ್ಮ ಕಣ್ಣಿಗೆ ಬಹುಕಾಲ ಹೆಣ್ಣುಮಕ್ಕಳು ಬಿದ್ದಿರಲಿಲ್ಲ. ಮೇಳವು ಕುಲದ ಮೇಳ. ಬೇರೆ ಕೇರಿಯ ಹುಡುಗ ನಿಂತು ನೋಡಬಹುದಿತ್ತು, ತಾಳ ಹಿಡಿಯುವುದು ಅಪರೂಪ. ಎಲ್ಲರನ್ನೂ ಒಳಗೊಂಡ ಕಲೆ ನಮ್ಮಲ್ಲಿ ಹಿಂದೆಯೇ ಇತ್ತೆಂದು ಎದೆತಟ್ಟಿಕೊಳ್ಳುವವರು ಇದನ್ನೂ ಹೇಳಬೇಕು.

ಮಕ್ಕಳದೇ ಆದ, ಹಿರಿಯರ ಯಜಮಾನಿಕೆ ಸ್ವಲ್ಪವೂ ಇಲ್ಲದ ಕಲೆಗಳನ್ನು ನೋಡಬೇಕಾದರೆ ಮಳೆಗಾಲದ ಮುಂಬಾಗಿಲಿಗೆ ಹೋಗಬೇಕು. ಕಾರಹುಣ್ಣಿವೆ ಮುಗಿದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಕೆರೆಯ ಮಣ್ಣನ್ನು ತಂದು ನಾದಿ, ಎತ್ತುಗಳನ್ನೂ ಗೋದಲಿಯನ್ನೂ ಮಾಡಿ, ಪೂಜೆ ಮಾಡಿಸುತ್ತಾರೆ. ಅಲ್ಲಿಗೆ ಹಿರಿಯರ ಹಬ್ಬ ಮುಗಿಯಿತು. ಮಕ್ಕಳದು ಆಮೇಲೆ ಸುರುವಾಗುತ್ತದೆ. ಪೂಜೆಯಾದ ಎತ್ತುಗಳಲ್ಲಿ ಕಾಲು ಮುರಿದ ಒಂದನ್ನು ಆರಿಸಿ, ಹಲಗೆಯ ಮೇಲಿಟ್ಟುಕೊಂಡು, ಕುಂಟೆತ್ತು ಬಂದಿದೆ ಜೋಳ ನೀಡಿರೆಂದು ಹಾಡುತ್ತ ಮನೆಮನೆಗೆ ತಿರುಗುತ್ತಾರೆ. ನೀಡಿದ ಜೋಳವನ್ನು ಅಂಗಡಿಗೆ ಹಾಕಿ ಬೆಲ್ಲ ಕೊಬ್ಬರಿ ಚುರುಮುರಿ ತಂದು, ಹೊಲದ ಬದುವಿನಲ್ಲಿ ಕುಳಿತು ಸರಿಪಾಲು ಹಂಚಿಕೊಳ್ಳುತ್ತಾರೆ. ಗಟ್ಟಿಮುಟ್ಟಾದ ಎತ್ತುಗಳೆಲ್ಲ ಮನೆಯಲ್ಲಿ ಉಳಿದು ಕುಂಟೆತ್ತೇ ಮೆರವಣಿಗೆಗೆ ಹೊರಡುವುದೇಕೆ ಎಂದು ಬಾಲ್ಯದಲ್ಲಿ ನಾವು ನಮ್ಮ ಅಜ್ಜಿಯನ್ನು ಕೇಳಿದ್ದುಂಟು. 'ಉಳಿದಾವು ದುಡಿತಾವಲ್ಲೋ, ಅದಕ್ಕ ಯಾರು ನೀಡಬೇಕು?' ಎಂದು ಆಕೆ ಅಂದಳು.

ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳ ಗುಳ್ಳವ್ವ. ಕೆಂಪು ಮಣ್ಣಿನ ಗುಳ್ಳವ್ವನಿಗೆ ಗುಲಗಂಜಿಯ ಕಣ್ಣು, ಕುಸುಬಿಯ ಆಭರಣ, ಗುಬ್ಬಿಯ ಗರಿಯೋ ನವಿಲಿನ ಗರಿಯೋ ಸಿಕ್ಕಿದ್ದು ಕಿರೀಟ. ಯಾವ ಮನೆಯಲ್ಲಿ ಕೂಡಿಸಬೇಕು, ಯಾರು ಆರತಿ ಹಿಡಿಯಬೇಕು, ಕಡೆಯ ಮಂಗಳವಾರ ಯಾರ ತೋಟಕ್ಕೆ ಬುತ್ತಿ ಒಯ್ಯಬೇಕು ಎಂಬ ತೀರ್ಮಾನಗಳೆಲ್ಲ ಹುಡುಗಿಯರವು. ಜಗಳವೂ ಅವರದೇ, ರಾಜಿಯೂ ಅವರದೇ. ಮಳೆ ಹಿಂದೆಗೆದ ವರ್ಷ ಗುರ್ಜಿ. ರೊಟ್ಟಿ ಬೇಯಿಸುವ ಹಂಚಿನ ಮೇಲೆ ಸೆಗಣಿಯ ಗುರ್ಜಿಯನ್ನು ಕೂಡಿಸಿ ಒಬ್ಬ ಹುಡುಗನ ತಲೆಗೆ ಹೊರಿಸುತ್ತಾರೆ; ಹಿಂದೆ ಕೇರಿಯ ಹುಡುಗರ ದಂಡು; ಮನೆಯ ಹೆಂಗಸರು ಕೊಡ ನೀರನ್ನು ಮೇಲಿನಿಂದ ಸುರಿಯುತ್ತಾರೆ, ಹೊತ್ತವನು ನಿಂತಲ್ಲೇ ಗರಗರನೆ ತಿರುಗುತ್ತಾನೆ. ಬಂದ ಹಿಟ್ಟು ಬೇಳೆಗಳಿಂದ ಅಡುಗೆ ಮಾಡಿ ಉಣ್ಣುವುದು. ಮಂಗಳವೇಢೆಯ ಜೋಳಕ್ಕೆ ನಾಡಿನಲ್ಲೆಲ್ಲ ಹೆಸರು. 2016ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಆದರೆ ತಾಲೂಕಿನ ದಕ್ಷಿಣದ ಹಳ್ಳಿಗಳಲ್ಲಿ ಮುಗಿಲು ನೋಡುತ್ತ ಕುಳಿತ ವರ್ಷಗಳೇ ಹೆಚ್ಚಾದ್ದರಿಂದ ಗುರ್ಜಿ ಹೊರುವ ಪಾಳಿ ನಮ್ಮ ತಲೆಮಾರಿನವರಿಗೆಲ್ಲ ಒಂದಲ್ಲ ಒಂದು ಸಲ ಬಂದಿದೆ.

ಈ ಆಟಗಳಿಗೆಲ್ಲ ಸಮಾನವಾದ ಒಂದು ಸಂಗತಿಯನ್ನು ವಾಚಕರು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಇವೆಲ್ಲ ಮುಂಗಾರಿನ ಸುತ್ತಮುತ್ತ ಬರುತ್ತವೆ. ಕುರಿಯ ಹಿಂಡನ್ನು ಹೊಡೆದುಕೊಂಡು ದೂರ ಹೋದವರು ಹಿಂದಿರುಗುವ ಕಾಲ ಅದು. ದುಡಿಮೆಗೆಂದು ಹೋದವರೂ ಬಿತ್ತನೆಗಾಗಿ ಊರಿನಲ್ಲಿರುತ್ತಾರೆ. ಅಂದರೆ ಊರಿನ ಎಲ್ಲ ಮಕ್ಕಳೂ ಊರಿನಲ್ಲಿರುವ ದಿನಗಳವು. ಯಾರನ್ನೂ ಬಿಡಬಾರದೆಂದು ಯಾರೋ ಕುಳಿತು ಯೋಚಿಸಿ ತಿಥಿ ಗೊತ್ತುಮಾಡಿದರೆಂದು ನಾವು ಹೇಳುವುದಿಲ್ಲ. ಒಕ್ಕಲುತನದ ಪಂಚಾಂಗವು ತಾನಾಗಿಯೇ ಆ ಕೆಲಸ ಮಾಡಿತು. ಈ ಮಾತಿಗೆ ಮುಂದೆ ಮತ್ತೆ ಬರುತ್ತೇವೆ.

ಮೊಹರಮ್ಮಿನ ಅಲಾಯಿಗೆ ಋತುವಿನ ಕಟ್ಟಿಲ್ಲ. ಅದು ಚಂದ್ರನ ಲೆಕ್ಕದ ಮೇಲೆ ವರ್ಷದ ಎಲ್ಲ ತಿಂಗಳುಗಳಲ್ಲೂ ತಿರುಗಿ ಬರುತ್ತದೆ. ನಮ್ಮ ಸೀಮೆಯಲ್ಲಿ ಕರ್ಬಲಾದ ರಿವಾಯತ್ ಪದಗಳನ್ನು ಕನ್ನಡದಲ್ಲಿ ಹಾಡುತ್ತಾರೆ. ಹಾಡುವವರಲ್ಲಿ ಮುಸಲ್ಮಾನರೆಷ್ಟೋ ಲಿಂಗವಂತರೂ ಕುರುಬರೂ ಅಷ್ಟೇ. ಅಲಾಯಿ ಕುಣಿಯ ಸುತ್ತ ಹೆಜ್ಜೆಹಾಕುವ ಹುಡುಗರಲ್ಲಿ ಯಾರ ಮನೆಯ ದೇವರು ಯಾವುದೆಂದು ಕೇಳಿದವರನ್ನು ನಾವು ಕಂಡಿಲ್ಲ. ಸೊಲ್ಲಾಪುರದಲ್ಲಿ ಸಂಕ್ರಾಂತಿಯ ಸಿದ್ಧರಾಮೇಶ್ವರನ ಜಾತ್ರೆಗೆ ಏಳು ನಂದಿಕೋಲುಗಳು ಹೊರಡುತ್ತವೆ; ಅವುಗಳನ್ನು ಹೊರುವ ಮಾನವನ್ನು ಬೇರೆ ಬೇರೆ ಸಮಾಜಗಳು ಹಂಚಿಕೊಂಡಿವೆ. ಅಷ್ಟೆತ್ತರದ ಕೋಲನ್ನು ಸಮತೋಲವಾಗಿ ಹೊತ್ತು ನಡೆಯಲು ತರುಣರು ಎಷ್ಟೋ ದಿನ ಮೊದಲಿನಿಂದಲೇ ಅಭ್ಯಾಸ ಮಾಡುತ್ತಾರೆ.

ಒಳಗು ಹೊರಗುಗಳ ಪ್ರಶ್ನೆ ಈ ನೆಲಕ್ಕೆ ಹೊಸದಲ್ಲ. ಕಲಚುರಿಗಳ ರಾಜಧಾನಿಯಾಗಿದ್ದ ಮಂಗಳವಾಡವೇ ಇಂದಿನ ಮಂಗಳವೇಢೆ. ಬಸವಣ್ಣನವರು ಬಿಜ್ಜಳನ ಸೇವೆಯಲ್ಲಿ ಇಲ್ಲಿದ್ದವರು. ಅದೇ ಊರಿನ ಸಂತ ಚೋಖಾಮೇಳನು ಪಂಢರಪುರದ ವಿಠ್ಠಲನನ್ನು ಜೀವಮಾನವೆಲ್ಲ ಹೊರಗೆ ನಿಂತು ಹಾಡಿದನು. 1338ರಲ್ಲಿ ಮಂಗಳವೇಢೆಯಲ್ಲಿ ಗೋಡೆ ಕುಸಿದು ಮಡಿದ ಆತನ ಸಮಾಧಿ ಇಂದಿಗೂ ವಿಠ್ಠಲನ ಮಹಾದ್ವಾರದ ಹೊರಗೇ ಇದೆ. ಆ ಗುಡಿಯ ಬಾಗಿಲು ಹರಿಜನರಿಗೆ ತೆರೆಯಬೇಕೆಂದು ಸಾನೆ ಗುರೂಜಿಯವರು 1947ರ ಮೇ 1ರಿಂದ 10ರವರೆಗೆ ಪಂಢರಪುರದಲ್ಲಿ ಉಪವಾಸ ಕುಳಿತರು. ಅವರು ವೃತ್ತಿಯಿಂದ ಮಾಸ್ತರರಾಗಿದ್ದವರು; ಉಪವಾಸಕ್ಕೆ ಮೊದಲು ಊರೂರು ತಿರುಗಿದಾಗ ಅವರ ಜೊತೆಗಿದ್ದದ್ದು ರಾಷ್ಟ್ರ ಸೇವಾದಲದ ಕಲಾಪಥಕ. ಅದರಲ್ಲಿದ್ದವರು ತರುಣರು, ಅವರ ಕೈಯಲ್ಲಿದ್ದದ್ದು ಹಾಡು ಮತ್ತು ಲಾವಣಿ. ಒಂದು ಭಾಷೆಯ ಮಕ್ಕಳು ಇನ್ನೊಂದು ಭಾಷೆಯನ್ನು ಪ್ರೀತಿಯಿಂದ ಕಲಿಯಬೇಕೆಂಬ 'ಆಂತರಭಾರತಿ'ಯ ಕನಸು ಕಂಡವರೂ ಅವರೇ. ಗಡಿಯ ಕನ್ನಡಿಗರಾದ ನಾವು ಆ ಮರಾಠಿ ಮಾಸ್ತರರನ್ನು ಇನ್ನೂ ಹೆಚ್ಚಾಗಿ ನೆನೆಯಬೇಕಿತ್ತು.

ಇನ್ನು ನಮ್ಮದೇ ಮಾತಿನ ತರುಣರ ಕಥೆ. ಹುಲಜಂತಿಯಿಂದ ದಕ್ಷಿಣಕ್ಕೆ ಗಡಿ ದಾಟಿದರೆ ಚಡಚಣ, ಅದರ ಸೀಮೆಯಲ್ಲೇ ಹಲಸಂಗಿ. 1903ರಲ್ಲಿ ಹುಟ್ಟಿದ ಅಲ್ಲಿಯ ಚೆನ್ನಮಲ್ಲಪ್ಪ ಮುಂದೆ ಮಧುರಚೆನ್ನರಾದರು. ಚಡಚಣದ ಸಿಂಪಿ ಲಿಂಗಣ್ಣ ಅವರಿಗಿಂತ ಎರಡು ವರುಷಕ್ಕೆ ಕಿರಿಯರು. ಇವರ ಸಂಗಡ ಕಾಪಸೆ ರೇವಪ್ಪ, ಧೂಲಾಸಾಹೇಬ. ಇವರನ್ನೇ ನಾಡು 'ಹಲಸಂಗಿ ಗೆಳೆಯರು' ಎಂದು ಕರೆಯಿತು. ದೊಡ್ಡ ಪಟ್ಟಣವಿಲ್ಲ, ಕಾಲೇಜಿಲ್ಲ, ದೊರೆಗಳ ಆಶ್ರಯವಿಲ್ಲ. ಇಪ್ಪತ್ತರ ಆಸುಪಾಸಿನ ಈ ಹುಡುಗರು ತಮ್ಮ ತಾಯಂದಿರು ಅಕ್ಕತಂಗಿಯರು ಬೀಸುವಾಗ ಕುಟ್ಟುವಾಗ ಹಾಡಿದ್ದನ್ನು ಕಿವಿಗೊಟ್ಟು ಕೇಳಿ ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಪ್ರಕಟವಾಯಿತು. ಆಮೇಲೆ ಲಾವಣಿಗಳ 'ಜೀವನ ಸಂಗೀತ', ಅದರ ಹಿಂದೆ 'ಮಲ್ಲಿಗೆ ದಂಡೆ'. ಕನ್ನಡ ಜಾನಪದದ ಇತಿಹಾಸವನ್ನು ಬರೆಯುವವರೆಲ್ಲ ಈ ಪುಸ್ತಕಗಳಿಂದ ಪ್ರಾರಂಭಿಸುತ್ತಾರೆ. ನಮಗೆ ಮುಖ್ಯವೆನಿಸುವುದು ಪುಸ್ತಕಕ್ಕಿಂತ ಅದಕ್ಕೆ ಹಿಂದಿನ ಸ್ಥಿತಿ. ಸುಶಿಕ್ಷಿತರು ಹಳ್ಳಿಯ ಹಾಡೆಂದರೆ ಮೂಗು ಮುರಿಯುತ್ತಿದ್ದ ಕಾಲದಲ್ಲಿ ಏನನ್ನು ಕೂಡಿಡಬೇಕೆಂಬುದನ್ನು ಗೊತ್ತುಮಾಡಿದವರು ಊರ ಹುಡುಗರು. ಅವರ ಕೂಟದಲ್ಲಿ ಜಾತಿ ಮತಗಳ ಬೇಲಿ ಇರಲಿಲ್ಲ. ಆ ಊರಿನ ಲಾವಣಿಗಳಿಗೆ ಹೆಸರು ತಂದವರಲ್ಲಿ ಖಾಜಾಭಾಯಿಯೂ ಒಬ್ಬರು. ಧಾರವಾಡದಲ್ಲಿ 'ಗೆಳೆಯರ ಗುಂಪ'ನ್ನು ಕಟ್ಟಿದ ಬೇಂದ್ರೆಯವರು ಹಲಸಂಗಿಯವರ ಆಪ್ತರು. ಅವರೇ 1944ರಿಂದ 1956ರವರೆಗೆ ಸೊಲ್ಲಾಪುರದ ಡಿ. ಎ. ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದದ್ದು ನಮ್ಮ ಜಿಲ್ಲೆಯ ಭಾಗ್ಯ.

ಹಾಗಾದರೆ ಇಂಥ ಸೀಮೆಯಲ್ಲಿ ಮಕ್ಕಳ ಕಲೆ ಅರ್ಧ ಗಂಟೆಗೆ ಇಳಿದದ್ದು ಹೇಗೆ? ದೂರಕ್ಕೆ ಕೈ ತೋರಬೇಕಾಗಿಲ್ಲ. ನಮ್ಮಂಥ ಮಾಸ್ತರರೇ ಕಾರಣ. ಶಾಲೆಗಳಲ್ಲಿ ಸ್ನೇಹಸಮ್ಮೇಳನ ಬಂತು. ಜನರು ಅದನ್ನು 'ಗ್ಯಾದರಿಂಗ್' ಎಂದು ಕರೆದು ಅಕ್ಕರೆಯಿಂದ ನೋಡಿದರು. ಪರದೆ, ಬಣ್ಣ, ದೀಪ, ಧ್ವನಿವರ್ಧಕ ಎಲ್ಲವೂ ಬಂದವು. ಅವುಗಳ ಜೊತೆಗೆ ಆಯ್ಕೆಯೂ ಬಂತು. ಉಚ್ಚಾರ ಶುದ್ಧವಾಗಿರುವವನು ನಾಯಕ, ಮೈಬಣ್ಣ ಚೆನ್ನಾಗಿರುವವಳು ಭಾರತಮಾತೆ, ವೇಷದ ಬಟ್ಟೆಗೆ ಹಣ ತರಬಲ್ಲವರಿಗೆ ನೃತ್ಯ, ಉಳಿದವರಿಗೆ ಚಾಪೆ ಹಾಸುವ ಕೆಲಸ. ಇದರಲ್ಲಿ ದುರುದ್ದೇಶವಿರಲಿಲ್ಲ, ಕಾರ್ಯಕ್ರಮ ಕೆಡಬಾರದೆಂಬ ಆತಂಕವಿತ್ತು. ಇನ್ನೊಂದನ್ನು ನಾವು ವರ್ಷಾನುಗಟ್ಟಲೆ ಗಮನಿಸಲಿಲ್ಲ. ಸ್ನೇಹಸಮ್ಮೇಳನವು ಡಿಸೆಂಬರ್ ಜನವರಿಯಲ್ಲಿ ಬರುತ್ತದೆ. ದೀಪಾವಳಿ ಮುಗಿಯುವ ಹೊತ್ತಿಗೆ ಸಕ್ಕರೆ ಕಾರಖಾನೆಗಳು ಹೊಗೆಯಾಡುತ್ತವೆ. ಕಬ್ಬು ಕಡಿಯುವವರು ಗಾಡಿಗೆ ಪಾತ್ರೆ ಪಗಡೆ ಹೇರಿ, ಮಕ್ಕಳನ್ನೂ ಕೂಡಿಸಿಕೊಂಡು ಹೊರಡುತ್ತಾರೆ. ಕುರಿಯವರೂ ಆಗಲೇ ಹೋಗಿರುತ್ತಾರೆ. ಊರಿನ ಒಂದು ಪಾಲು ಮಕ್ಕಳು ಊರಲ್ಲೇ ಇಲ್ಲದ ತಿಂಗಳುಗಳನ್ನು ಆರಿಸಿ ನಾವು ಎಲ್ಲ ಮಕ್ಕಳ ಹಬ್ಬವನ್ನು ಮಾಡುತ್ತ ಬಂದಿದ್ದೇವೆ.

ಹತ್ತು ಹನ್ನೆರಡು ವರುಷದ ಹಿಂದಿನ ಮಾತು. ನಾವು ಆಗ ಇದ್ದ ಶಾಲೆಯೊಂದರಲ್ಲಿ ಸಂಗೊಳ್ಳಿ ರಾಯಣ್ಣನ ನಾಟಕ ಆಡಿಸಬೇಕೆಂದು ಹುಡುಗರನ್ನು ಪರೀಕ್ಷಿಸಿದೆವು. ಎಂಟನೆಯ ತರಗತಿಯ ಒಬ್ಬ ಕುರುಬರ ಹುಡುಗ ನಾಲ್ಕು ಸಾಲು ಗದ್ಯವನ್ನು ಬಾಯಿಪಾಠ ಒಪ್ಪಿಸಲಾರದೆ ತಡವರಿಸಿದ. 'ನಿನಗೆ ನೆನಪಿನ ಶಕ್ತಿ ಸಾಲದು, ಕುಳಿತುಕೋ' ಎಂದೆವು. ಅದೇ ವರುಷ ದೀಪಾವಳಿಗೆ ಹುಲಜಂತಿಗೆ ಹೋದಾಗ ನಡುರಾತ್ರಿಯ ಮೇಳವೊಂದರಲ್ಲಿ ಪರಿಚಿತವಾದ ದನಿ ಕೇಳಿಸಿತು. ಹಿರಿಯ ಹಾಡುಗಾರನಿಗೆ ಕೆಮ್ಮು ಹತ್ತಿ ನಿಂತುಬಿಟ್ಟಿದ್ದ. ಹಿಂದಿನ ಸಾಲಿನಿಂದ ಹುಡುಗನೊಬ್ಬ ಮುಂದೆ ಬಂದು ಕಥೆಯನ್ನು ಎತ್ತಿಕೊಂಡು ಒಂದು ತಾಸಿಗೂ ಹೆಚ್ಚು ಹೊತ್ತು ನಡೆಸಿದ. ಒಂದು ನುಡಿ ಹಿಂದುಮುಂದಾಗಲಿಲ್ಲ. ನೋಡಿದರೆ ಅವನೇ. ರಜೆ ಮುಗಿದ ಮೇಲೆ ಅವನನ್ನು ಕರೆದು ಮಾತಾಡಿಸಬೇಕೆಂದುಕೊಂಡೆವು. ರಜೆ ಮುಗಿಯಿತು, ಹುಡುಗ ಬರಲಿಲ್ಲ. ಅವರ ಮನೆಯವರು ಕುರಿ ಹೊಡೆದುಕೊಂಡು ಹೋಗಿದ್ದರು. ಮುಂದಿನ ಜೂನಿನಲ್ಲಿಯೂ ಬರಲಿಲ್ಲ. ಹಾಜರಿ ಪಟ್ಟಿಯಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದ ಕೈ ನಮ್ಮದೇ.

ಆ ಗೆರೆ ನಮ್ಮನ್ನು ಕೆಲವು ಪುಸ್ತಕಗಳನ್ನು ಓದಲು ಹಚ್ಚಿತು. ಗುಜರಾತಿನ ಗಿಜುಭಾಯಿ ಬಧೇಕಾ ಅವರು ಭಾವನಗರದ ಬಾಲಮಂದಿರದಲ್ಲಿ 1920ರ ದಶಕದಲ್ಲೇ ಮಕ್ಕಳಿಂದ ಬಾಯಿಪಾಠವಿಲ್ಲದೆ ನಾಟಕವಾಡಿಸುತ್ತಿದ್ದರು. ಕಥೆ ತಿಳಿದಿದ್ದರೆ ಸಾಕು, ಮಾತು ಮಕ್ಕಳದು. ನಮ್ಮ ಹುಡುಗ ಗದ್ಯದಲ್ಲಿ ತಡವರಿಸಿದ್ದರ ಗುಟ್ಟು ಅಲ್ಲಿ ತಿಳಿಯಿತು. ಕನ್ನಡದಲ್ಲಿ ಆರ್. ಕಲ್ಯಾಣಮ್ಮನವರು ಬೆಂಗಳೂರಿನಲ್ಲಿ 1938ರಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು, ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕುಣಿತ, ಚಿತ್ರ, ಆಟಗಳ ಪ್ರಯೋಗ ನಡೆಸಿದರು, ಬಿ. ವಿ. ಕಾರಂತರು ಮಕ್ಕಳ ನಾಟಕಗಳಿಗೆ ಹೊಸ ಜೀವ ತಂದರು. 1990ರ ದಶಕದಲ್ಲಿ ಕುಂದಾಪುರ ತಾಲೂಕಿನ ಹಳ್ಳಿಗಳ ಮಕ್ಕಳು ತಮ್ಮದೇ ಪಂಚಾಯತಿಗಳನ್ನು ಕಟ್ಟಿ ಊರಿನ ಹಿರಿಯರೆದುರು ತಮ್ಮ ಬೇಡಿಕೆಗಳನ್ನಿಟ್ಟರು. ವಿಶ್ವಸಂಸ್ಥೆಯು 1989ರ ನವೆಂಬರ್ 20ರಂದು ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತವು 1992ರಲ್ಲಿ ಒಪ್ಪಿಗೆಯಿತ್ತಿದೆ. ಅದರ 12ನೆಯ ವಿಧಿಯು ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಅಭಿಪ್ರಾಯಕ್ಕೆ ವಯಸ್ಸು ತಿಳಿವಳಿಕೆಗಳಿಗೆ ತಕ್ಕ ಬೆಲೆ ಕೊಡಬೇಕೆನ್ನುತ್ತದೆ. 31ನೆಯ ವಿಧಿಯು ಆಟ, ವಿಶ್ರಾಂತಿ, ಕಲೆಗಳಲ್ಲಿ ಭಾಗವಹಿಸುವುದನ್ನು ಮಗುವಿನ ಹಕ್ಕೆಂದು ಸಾರುತ್ತದೆ. ಗುಳ್ಳವ್ವನ ಹುಡುಗಿಯರಿಗೆ ಇದನ್ನು ಓದಿ ಹೇಳಿದರೆ ಇದರಲ್ಲಿ ಹೊಸದೇನೆಂದು ಕೇಳಿಯಾರು.

ಕೆಲವು ವರುಷಗಳಿಂದ ನಾವು ಒಂದು ಪ್ರಯೋಗಕ್ಕೆ ಕೈಹಾಕಿದ್ದೇವೆ. ಜೂನಿನಲ್ಲಿ ಶಾಲೆ ತೆರೆದ ಮೇಲೆ ಮಕ್ಕಳನ್ನು ಅಂಗಳದಲ್ಲಿ ಕೂಡಿಸಿ, ಏನು ಆಡುತ್ತೀರಿ, ಎಲ್ಲಿ ಆಡುತ್ತೀರಿ, ಯಾವಾಗ ಆಡುತ್ತೀರಿ ಎಂದಷ್ಟೇ ಕೇಳಿ ಬಾಯಿ ಮುಚ್ಚಿ ಕುಳಿತೆವು. ಬಾಯಿ ಮುಚ್ಚಿ ಕುಳಿತುಕೊಳ್ಳುವುದು ಕನ್ನಡ ಮಾಸ್ತರರಿಗೆ ಎಷ್ಟು ಕಠಿಣವೆಂಬುದನ್ನು ಅನುಭವಿಗಳೇ ಬಲ್ಲರು. ಮೊದಲ ದಿನ ಯಾರೂ ಮಾತಾಡಲಿಲ್ಲ. ಎರಡನೆಯ ದಿನ ಎಲ್ಲರೂ ಕೂಡಿಯೇ ಮಾತಾಡಿದರು. ಮೊದಲು ಬಂದದ್ದೆಲ್ಲ ಸಿನಿಮಾ ಹಾಡು. ನಮಗೆ ನಿರಾಶೆಯಾಯಿತೆಂದು ಒಪ್ಪಿಕೊಳ್ಳುತ್ತೇವೆ. ಮೂರನೆಯ ಸಲ ಕೂಡಿದಾಗ ಒಬ್ಬ ಹುಡುಗಿ ಎದ್ದು, ಡೊಳ್ಳಿನ ಪದಕ್ಕೆ ತಾನು ತಾಳ ಹಾಕಬಹುದೇ ಎಂದು ಕೇಳಿದಳು. ಹುಡುಗರು ನಕ್ಕರು. ಅವಳು ಕುಳಿತುಕೊಳ್ಳಲಿಲ್ಲ. ಮೇಳದ ಹಿರಿಯರೊಬ್ಬರ ಬಳಿಗೆ ಮಕ್ಕಳೇ ಹೋಗಿ ವಿಚಾರಿಸಿದರು. ಆತ ಬಹಳ ಹೊತ್ತು ಸುಮ್ಮನಿದ್ದು, 'ತಾಳ ತಪ್ಪಲಿಲ್ಲಂದ್ರ ಆತು, ಯಾರ ಕೈಯಾಗಿದ್ರೇನು' ಅಂದರಂತೆ. ಆಕೆ ತಪ್ಪಿದಳು, ಅನೇಕ ಸಲ. ಉಳಿದ ತಾಳಗಳು ಮುಚ್ಚಿಕೊಂಡವು.

ಇನ್ನೊಬ್ಬ ಬಾಲೆಗೆ ಕಾಲಿನಲ್ಲಿ ಶಕ್ತಿಯಿಲ್ಲ. ವೇದಿಕೆಗೆ ಆರು ಮೆಟ್ಟಿಲು. ಇಬ್ಬರು ದೊಡ್ಡ ಹುಡುಗರು ಅವಳನ್ನು ಎತ್ತಿ ಒಯ್ಯಲೆಂದು ನಾವು ಸೂಚಿಸಿದೆವು. 'ಆಕೀಗೆ ನಾಚಿಕಿ ಬರತೈತ್ರಿ' ಎಂದು ಮಕ್ಕಳು ಆ ಸಲಹೆಯನ್ನು ತಳ್ಳಿಹಾಕಿ, ವೇದಿಕೆಯನ್ನೇ ಬಿಟ್ಟು ಬೇವಿನ ಗಿಡದ ಬುಡದಲ್ಲಿ ನೆಲದ ಮೇಲೆ ಆಡುವುದೆಂದು ಗೊತ್ತುಮಾಡಿದರು. ಜನರು ಸುತ್ತಲೂ ಕುಳಿತರು. ಡೊಳ್ಳಿನ ಮೇಳ ಎಂದಾದರೂ ಮೆಟ್ಟಿಲು ಹತ್ತಿತ್ತೇ ಎಂಬುದು ನಮಗೆ ಆಗ ಹೊಳೆಯಿತು.

ತಕರಾರು ಬಂದದ್ದು ನಾಟಕದಲ್ಲಿ. ದೊಡ್ಡ ಮಕ್ಕಳು 1930ರ ಸೊಲ್ಲಾಪುರದ ಮಾರ್ಷಲ್ ಲಾ ಪ್ರಕರಣವನ್ನು ಆರಿಸಿಕೊಂಡರು. ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರಡಾ ಎಂಬ ನಾಲ್ವರನ್ನು 1931ರ ಜನವರಿ 12ರಂದು ಗಲ್ಲಿಗೇರಿಸಿದ್ದನ್ನು ನಮ್ಮ ಜಿಲ್ಲೆಯ ಮಕ್ಕಳೆಲ್ಲ ಬಲ್ಲರು. ನಾಲ್ವರು ನಾಲ್ಕು ಸಮಾಜದವರಾದ್ದರಿಂದ ನಾಲ್ಕು ಮಾತುಗಳಲ್ಲಿ ಆಡಲಿ ಎಂದು ಮಕ್ಕಳು ತೀರ್ಮಾನಿಸಿದರು: ಮಲ್ಲಪ್ಪನಿಗೆ ಕನ್ನಡ, ಶಿಂದೆಗೆ ಮರಾಠಿ, ಕುರ್ಬಾನ್ ಹುಸೇನನಿಗೆ ಉರ್ದು, ಸಾರಡಾನಿಗೆ ಹಿಂದಿ. ಕನ್ನಡ ಶಾಲೆಯ ಅಂಗಳದಲ್ಲಿ ಮರಾಠಿ ಏಕೆಂದು ಹಿರಿಯರು ಕೆಲವರು ಮುನಿದರು. ಮೊದಲಿಗೆ ನಾವೂ ಆ ಪಕ್ಷದವರೇ. ಗಡಿಯಲ್ಲಿ ಕನ್ನಡಕ್ಕಾಗಿ ಒಂದೊಂದು ಇಟ್ಟಿಗೆಯನ್ನೂ ಹೋರಾಡಿ ಇಟ್ಟವರಿಗೆ ಆ ಸಂಶಯ ಸಹಜ. 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರಿಗೆ ಬಾಲ್ಯದಲ್ಲಿ ಶಾಲೆಯಲ್ಲಿ ದೊರೆತದ್ದು ಮರಾಠಿ. ಕನ್ನಡವನ್ನು ಆಮೇಲೆ ತಾವಾಗಿ ಕಲಿತು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಮೊದಲ ಮಹಿಳಾ ಅಧ್ಯಕ್ಷರಾದರು. ಅಂಥ ಕಷ್ಟ ನಮ್ಮ ಮಕ್ಕಳಿಗೆ ಬರಬಾರದೆಂದೇ ಕನ್ನಡ ಶಾಲೆಗಳು. ಆದರೆ ಶಿಂದೆಯ ಪಾತ್ರ ಕೇಳಿದ ಹುಡುಗನ ತಾಯಿ ಮರ‍್ಹಾಟಿ ಮನೆಯವಳು. ಮನೆಯಲ್ಲಿ ಎರಡೂ ಮಾತು. ಅವನ ಅರ್ಧವನ್ನು ಬಾಗಿಲ ಹೊರಗಿಟ್ಟು ಬಾ ಎಂದು ಹೇಳಿದರೆ ನಾಳೆ ಇಡಿಯ ಹುಡುಗನೇ ಬೇರೆ ಶಾಲೆಗೆ ಹೋದಾನು. ನಮ್ಮ ಪಟ್ಟಿಗಳು ವರುಷ ವರುಷಕ್ಕೆ ಗಿಡ್ಡವಾಗುತ್ತಿರುವುದನ್ನು ಇಲ್ಲಿಯ ವಾಚಕರಿಗೆ ನೆನಪಿಸಬೇಕಾಗಿಲ್ಲ. ನಾಟಕ ನಾಲ್ಕು ಮಾತುಗಳಲ್ಲೇ ಆಯಿತು. ಮುನಿದವರಲ್ಲಿ ಇಬ್ಬರು ಬಂದು ನೋಡಿದರು. ಒಬ್ಬರು ಇಂದಿಗೂ ನಮ್ಮೊಡನೆ ಮಾತಾಡುವುದಿಲ್ಲ.

ಮಕ್ಕಳಿಗೆ ಒಪ್ಪಿಸಿದರೆ ಎಲ್ಲವೂ ಸುಗಮವೆಂದು ನಾವು ಹೇಳುತ್ತಿಲ್ಲ. ದೊಡ್ಡ ಹುಡುಗರು ಚಿಕ್ಕವರನ್ನು ಗದರಿಸಿ ಬಾಯಿ ಮುಚ್ಚಿಸುತ್ತಾರೆ, ಮಾತುಗಾರರೇ ಗೆಲ್ಲುತ್ತಾರೆ, ಹಿರಿಯರ ಜಾತಿಯ ಲೆಕ್ಕ ಮಕ್ಕಳ ಸಾಲಿನಲ್ಲೂ ಇಣುಕುತ್ತದೆ. ಚೀಟಿಯಲ್ಲಿ ಬರೆದು ಹಾಕುವ ಕ್ರಮವನ್ನು ತಂದ ಮೇಲೆ ಹಿಂದೆ ಕುಳಿತವರ ಮನಸ್ಸು ತಿಳಿಯಿತು. ಬರೆಯಲು ಬಾರದ ಚಿಕ್ಕವರು ಚಿತ್ರ ತೆಗೆದರು. ಖರ್ಚಿನ ಹಣವನ್ನು ಮಕ್ಕಳ ಕೈಗೇ ಕೊಟ್ಟೆವು. ಬಾಡಿಗೆಯ ವೇಷಕ್ಕೆ ಬಹುಪಾಲು ಹೋಗುತ್ತದೆಂದು ಕಂಡುಕೊಂಡು ಅವರೇ ವೇಷವನ್ನು ಕೈಬಿಟ್ಟು ಮನೆಯ ಕಂಬಳಿ, ರುಮಾಲು, ಇಳಕಲ್ಲ ಸೀರೆಗಳಲ್ಲಿ ಮುಗಿಸಿದರು. ಉಳಿದದ್ದರಲ್ಲಿ ಎಲ್ಲರಿಗೂ ಚುರುಮುರಿ. ಕುಂಟೆತ್ತಿನ ಜೋಳದ ಲೆಕ್ಕ ಗೊತ್ತಿದ್ದವರಿಗೆ ಇದು ಹೊಸ ವಿದ್ಯೆಯಲ್ಲ.

ಆದುದರಿಂದ ಸಂಘದ ಕಾರ್ಯಕಾರಿ ಮಂಡಳಿಯವರಲ್ಲಿ ನಮ್ಮ ವಿನಂತಿ ಇಷ್ಟು. ಮುಂದಿನ ವಾರ್ಷಿಕೋತ್ಸವದ ಮಕ್ಕಳ ಕಾರ್ಯಕ್ರಮವನ್ನು ಚಳಿಗಾಲದಿಂದ ತೆಗೆದು ಮಣ್ಣೆತ್ತಿನ ಅಮಾವಾಸ್ಯೆಗೂ ನಾಗರ ಪಂಚಮಿಗೂ ನಡುವಣ ಒಂದು ಭಾನುವಾರಕ್ಕೆ ತರಬೇಕು. ಅರ್ಧ ಗಂಟೆಯ ಬದಲು ಒಂದು ಸಂಜೆಯಾಗಲಿ. ಮಳೆಯ ಭಯವಿದ್ದರೆ ಶಾಲೆಯ ಪಡಸಾಲೆ ಇದೆ. ಮಳೆ ಬಂದರೆ ಬೇಸರಪಡುವ ಸೀಮೆಯೂ ನಮ್ಮದಲ್ಲ. ಕನ್ನಡ ಶಾಲೆಯ ಮಕ್ಕಳಷ್ಟೇ ಅಲ್ಲದೆ ಶಾಲೆ ಬಿಟ್ಟವರನ್ನೂ, ಮರಾಠಿ ಉರ್ದು ಶಾಲೆಗಳಿಗೆ ಹೋಗುವ ನಮ್ಮ ಕೇರಿಯ ಮಕ್ಕಳನ್ನೂ ಕರೆಯಬೇಕು. ಕಾರ್ಯಕ್ರಮಪತ್ರಿಕೆಯನ್ನು ಗೊತ್ತುಪಡಿಸುವ ಸಭೆ ಅಮಾವಾಸ್ಯೆಯ ಮರುದಿನ ಸಂಜೆ ಬೇವಿನ ಗಿಡದ ಕೆಳಗೆ ಸೇರಲಿ. ಹಿರಿಯರಲ್ಲಿ ಇಬ್ಬರು ಬರಬಹುದು. ಚಾಪೆ ಹಾಸುವುದು ಅವರ ಕೆಲಸ. ಆ ಇಬ್ಬರಲ್ಲಿ ಒಬ್ಬರಾಗಿ ನಮ್ಮ ಹೆಸರನ್ನು ಈಗಲೇ ಬರೆದುಕೊಳ್ಳಬೇಕೆಂದು ಕಾರ್ಯದರ್ಶಿಗಳಲ್ಲಿ ಪ್ರಾರ್ಥನೆ.